ಹಕ್ಕಲು

ಕಳೆದ ದೀಪಾವಳಿಗೆ ಊರಿಗೆ ಬಂದ ನನ್ನ ಮೊಮ್ಮಗನು ತನ್ನ ಇಂಗ್ಲಿಷ್ ಪಾಠಪುಸ್ತಕವನ್ನು ತೆರೆದು, ‘ಗ್ಲೀನ್’ ಎಂಬ ಕ್ರಿಯಾಪದಕ್ಕೆ ಅರ್ಥವೇನೆಂದು ನನ್ನನ್ನು ಕೇಳಿದನು. ಕೇಳಿದವನೇ ಉತ್ತರವನ್ನೂ ಹೇಳಿದನು. ಇಲ್ಲಿಷ್ಟು ಅಲ್ಲಿಷ್ಟು ಮಾಹಿತಿಯನ್ನು ಪ್ರಯಾಸದಿಂದ ಕಲೆಹಾಕುವುದು ಎಂದು ಅವನ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಗಿತ್ತು. ತಪ್ಪೇನೂ ಇಲ್ಲ. ಆದರೆ ಗುತ್ತಲದ ಹೊಲಗಳ ನಡುವೆ ಬೆಳೆದ ನನಗೆ ಆ ಅರ್ಥವನ್ನು ಓದಿದಾಗ, ಪರಿಚಿತನಾದ ಒಬ್ಬ ಬಡವನು ಯಾರದೋ ಅಂಗಿಯನ್ನು ತೊಟ್ಟು ಎದುರಿಗೆ ಬಂದು ನಿಂತಂತಾಯಿತು. ಏಕೆಂದರೆ ಆ ಪದದ ಮೂಲಾರ್ಥಕ್ಕೆ ನಮ್ಮಲ್ಲಿ ಅಚ್ಚಗನ್ನಡದ ಹೆಸರುಂಟು. ಅದು ಹಕ್ಕಲು. ಹಕ್ಕಲಾಯುವುದು ಎಂದರೂ, ನಮ್ಮ ಸೀಮೆಯ ಮಾತಿನಲ್ಲಿ ಹಕ್ಕಲ ಆರಿಸುವುದು ಎಂದರೂ ಒಂದೇ.

ಪೇಟೆಯಲ್ಲಿ ಹುಟ್ಟಿ ಬೆಳೆದ ಓದುಗರಿಗಾಗಿ ಇದನ್ನು ಕೊಂಚ ವಿವರಿಸಬೇಕು. ಬೆಳೆಯನ್ನು ಕೊಯ್ದು, ಕಟ್ಟಿ, ಕಣಕ್ಕೆ ಸಾಗಿಸಿದ ಮೇಲೆ ಹೊಲವು ಬರಿದಾಗುವುದಿಲ್ಲ. ಕುಡುಗೋಲಿನ ಕಣ್ಣು ತಪ್ಪಿದ ಜೋಳದ ತೆನೆ, ಸಿವುಡು ಕಟ್ಟುವಾಗ ಕಳಚಿ ಬಿದ್ದ ತೆನೆ, ಗಿಡದ ಬುಡದಲ್ಲಿ ಅರಳದೆ ಉಳಿದ ಹತ್ತಿಯ ಕಾಯಿ, ಬಳ್ಳಿ ಕಿತ್ತಾಗ ತೊಟ್ಟು ಹರಿದು ಮಣ್ಣಿನಲ್ಲಿಯೇ ಕುಳಿತ ಶೇಂಗಾ, ಇವೆಲ್ಲ ಹಕ್ಕಲೇ. ಇದನ್ನು ಆಯುವವರು ಸಾಮಾನ್ಯವಾಗಿ ಭೂಮಿ ಇಲ್ಲದವರು. ಅದರಲ್ಲಿಯೂ ಹೆಂಗಸರು, ಮುದುಕಿಯರು, ಮಕ್ಕಳು. ಶೇಂಗಾದ ಹಕ್ಕಲು ಎಲ್ಲಕ್ಕಿಂತ ಕಷ್ಟದ್ದು. ಜೋಳದ ತೆನೆ ಕಣ್ಣಿಗೆ ಕಾಣುತ್ತದೆ. ಶೇಂಗಾ ಕಾಣುವುದಿಲ್ಲ, ಕುಕ್ಕರಗಾಲಿನಲ್ಲಿ ಕುಳಿತು ಕುರ್ಚಿಗಿಯಿಂದ ಮಣ್ಣನ್ನು ಗೇಣುಗೇಣಾಗಿ ಕೆದರುತ್ತ ಮುಂದೆ ಸರಿಯಬೇಕು. ಮಳೆ ಕಡಿಮೆಯಾಗಿ ಮಣ್ಣು ಬಿಗಿದ ವರ್ಷ ಕಾಯಿ ಹೆಚ್ಚಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಕೆದರುವ ಶ್ರಮವೂ ಹೆಚ್ಚು. ಬರಗಾಲವು ಒಡೆಯನಿಂದ ಕಸಿದುಕೊಂಡುದರಲ್ಲಿ ಒಂದು ಪಾಲನ್ನು ಹೀಗೆ ಹಕ್ಕಲಿನವರಿಗೆ ಮುಟ್ಟಿಸುತ್ತದೆಂದು ಹೇಳಿದರೆ ವಿಚಿತ್ರವೆನಿಸಬಹುದು. ಒಕ್ಕಲುತನ ಬಲ್ಲವರಿಗೆ ಇದು ಗೊತ್ತಿದ್ದ ಮಾತೇ. (ಮಲೆನಾಡಿನವರು ಹಕ್ಕಲು ಎಂದರೆ ಬೇರೆಯೇ ಅರ್ಥ ಮಾಡುತ್ತಾರೆ. ಅಲ್ಲಿ ಅದು ಕಾಡಿನ ನಡುವಿನ ಕುರುಚಲು ಬಯಲು. ಅವರ ಹಕ್ಕಲಿನಲ್ಲಿ ದನ ಮೇಯುತ್ತವೆ.)

ಇಂಗ್ಲಿಷ್ ಭಾಷೆಯಲ್ಲಿ ಸುಗ್ಗಿಗೆ ಸಂಬಂಧಪಟ್ಟ ಕ್ರಿಯಾಪದಗಳು ಹಲವಿವೆ. ಅವುಗಳ ಗತಿಯನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ‘ಹಾರ್ವೆಸ್ಟ್’ ಎಂಬುದು ಮೊದಲು ಕೆಲಸದ ಹೆಸರಾಗಿರಲಿಲ್ಲ, ಶರದೃತುವಿನ ಹೆಸರಾಗಿತ್ತು. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ಪದವು ಇಂದಿಗೂ ಆ ಋತುವನ್ನೇ ಸೂಚಿಸುತ್ತದೆ. ಕಾಲದ ಹೆಸರು ಕಾಲಕ್ರಮದಲ್ಲಿ ಕೆಲಸದ ಹೆಸರಾಯಿತು. ಈಗ ಅದು ನೀರಿಗೂ, ಮನುಷ್ಯನ ಅಂಗಾಂಗಗಳಿಗೂ, ಗಣಕಯಂತ್ರದಲ್ಲಿ ಸಂಗ್ರಹವಾಗುವ ನಮ್ಮ ನಿಮ್ಮ ವಿವರಗಳಿಗೂ ಅನ್ವಯವಾಗುತ್ತಿದೆ. ‘ರೀಪ್’ ಎಂಬುದು ಬಿತ್ತಿದವನು ಕೊಯ್ಯುವುದು. ಅದು ಕರ್ಮಫಲದ ಮಾತಾಗಿ ಎಲ್ಲ ಭಾಷೆಗಳ ಉಪದೇಶಕರಿಗೂ ಅನುಕೂಲವಾಗಿದೆ. ‘ಗ್ಲೀನ್’ ಮಾತ್ರ ಬೇರೆ ಜಾತಿಯದು. ಅದರಲ್ಲಿ ಬಿತ್ತಿದವನು ಒಬ್ಬ, ಆಯುವವನು ಇನ್ನೊಬ್ಬ. ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಈ ಪದವು ಹಲವು ಶತಮಾನಗಳ ಕಾಲ ಬಾಗಿದ ಬೆನ್ನುಗಳ ಪದವಾಗಿತ್ತು. ಅಂತಹ ಮೂವರು ಹೆಂಗಸರನ್ನು ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ಚಿತ್ರಿಸಿದನು; ಆ ಚಿತ್ರದಲ್ಲಿ ದೂರದಲ್ಲಿ ಒಡೆಯನ ಬಣವೆಗಳು ಆಕಾಶಕ್ಕೆ ಮುಟ್ಟಿವೆ, ಮುಂದೆ ಈ ಮೂವರು ನೆಲಕ್ಕೆ ಕೈಚಾಚಿದ್ದಾರೆ. ಇಂದು ಆ ಕ್ರಿಯಾಪದಕ್ಕೆ ಕರ್ತೃವಾಗಿರುವವರು ವಿದ್ವಾಂಸರು, ಪತ್ರಕರ್ತರು, ಗುಪ್ತಚರರು. ಹೊಲದಿಂದ ಬಡವನು ಹೊರಗೆ ಹೋದನು; ಅವನ ಕ್ರಿಯಾಪದವನ್ನು ಓದುಬರಹ ಬಲ್ಲವರು ಆಯ್ದುಕೊಂಡರು.

ನಮ್ಮಲ್ಲಿಯೂ ಹೀಗಾಗಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಸಂಸ್ಕೃತದಲ್ಲಿ ಇದಕ್ಕೆ ಉಂಛವೆಂದು ಹೆಸರು. ಬಿದ್ದ ಕಾಳನ್ನು ಒಂದೊಂದಾಗಿ ಹೆಕ್ಕುವುದು ಉಂಛ, ಬಿದ್ದ ತೆನೆಯನ್ನು ಆಯುವುದು ಶಿಲ. ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಬರುವ, ಅರ್ಧ ಮೈ ಬಂಗಾರವಾದ ಮುಂಗುಸಿಯ ಕಥೆಯನ್ನು ಕೇಳದವರಾರು? ಅತಿಥಿಗೆ ತಮ್ಮ ಹಿಟ್ಟನ್ನೆಲ್ಲ ಬಡಿಸಿದ ಆ ಕುರುಕ್ಷೇತ್ರದ ಕುಟುಂಬವು ಉಂಛವೃತ್ತಿಯದು. ಧರ್ಮರಾಯನ ಯಾಗಶಾಲೆಯಲ್ಲಿ ಹೊರಳಾಡಿದರೂ ಮುಂಗುಸಿಯ ಉಳಿದರ್ಧ ಮೈ ಬಂಗಾರವಾಗಲಿಲ್ಲ. ಮುಂದೆ ಅದೇ ಉಂಛವೃತ್ತಿಯೆಂಬ ಹೆಸರು, ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತ ಮನೆಮನೆಯ ಅಕ್ಕಿಯನ್ನು ಸ್ವೀಕರಿಸುವ ಭಕ್ತರ ನಡೆಗೆ ಸಂದಿತು. ಅದೂ ಪವಿತ್ರವೇ ಇರಬಹುದು. ಆದರೆ ಅಲ್ಲಿ ಕೊಡುವವನೊಬ್ಬನು ಬಾಗಿಲಲ್ಲಿ ನಿಂತಿದ್ದಾನೆ. ಹೊಲದಲ್ಲಿ ಅವನು ಇರಲಿಲ್ಲ.

ಈ ವ್ಯತ್ಯಾಸವು ಅಲ್ಪವಾದುದೆಂದು ತಿಳಿಯಬೇಡಿ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಜೀವನೋಪಾಯಗಳನ್ನು ಎಣಿಸುವಾಗ ಉಂಛಶಿಲಕ್ಕೆ ಋತವೆಂದೂ, ಬೇಡದೆ ಬಂದುದಕ್ಕೆ ಅಮೃತವೆಂದೂ, ಬೇಡಿ ಪಡೆದುದಕ್ಕೆ ಮೃತವೆಂದೂ ಹೆಸರಿಟ್ಟಿದ್ದಾರೆ. ಆ ಗ್ರಂಥದ ಬಹಳಷ್ಟು ಮಾತುಗಳು ಶರಣಮಾರ್ಗದವರಾದ ನಮಗೆ ಗ್ರಾಹ್ಯವಲ್ಲ. ಕೃಷಿಯನ್ನು ಅದು ಇನ್ನೂ ಕೆಳಗಿಟ್ಟು ಪ್ರಮೃತವೆಂದು ಕರೆದುದನ್ನು ಒಕ್ಕಲಿಗನಾದ ನಾನಂತೂ ಒಪ್ಪಲಾರೆ. ಆದರೂ ಹಕ್ಕಲಿಗೂ ಭಿಕ್ಷೆಗೂ ನಡುವೆ ಅಲ್ಲಿ ಎಳೆದ ಗೆರೆ ಸರಿಯಾಗಿದೆ. ಬೇಡುವವನು ಇನ್ನೊಬ್ಬನ ಮುಖವನ್ನು ನೋಡಬೇಕು. ಹಕ್ಕಲಾಯುವವನು ನೆಲವನ್ನು ನೋಡುತ್ತಾನೆ.

ಹಾಗಾದರೆ ಹಕ್ಕಲು ಯಾರದು? ಪ್ರಶ್ನೆ ಇಲ್ಲಿಯೇ ಇದೆ. ಹಕ್ಕು ಎಂಬ ಪದಕ್ಕೂ ಹಕ್ಕಲು ಎಂಬ ಪದಕ್ಕೂ ಕಿವಿಗೆ ಕೇಳುವಷ್ಟೇ ನೆಂಟಸ್ತಿಕೆ. ಹಕ್ಕು ಅರಬ್ಬೀ ಮೂಲದ್ದು, ಹಕ್ಕಲು ನಮ್ಮ ನೆಲದ್ದು. ಆದರೆ ಹಕ್ಕಲಿನಲ್ಲಿ ಹಕ್ಕು ಉಂಟೇ ಎಂಬುದನ್ನು ಇಂಗ್ಲೆಂಡಿನ ನ್ಯಾಯಾಲಯವೊಂದು 1788ರಲ್ಲಿ ವಿಚಾರಿಸಬೇಕಾಯಿತು. ಸಫೋಕ್ ಪ್ರಾಂತದ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬವಳು ಸ್ಟೀಲ್ ಎಂಬ ಜಮೀನುದಾರನ ಹೊಲದಲ್ಲಿ ಹಕ್ಕಲಾಯ್ದಳು. ಅವನು ಅತಿಕ್ರಮಣದ ದಾವೆ ಹೂಡಿದನು. ನಾಲ್ವರು ನ್ಯಾಯಾಧೀಶರಲ್ಲಿ ಮೂವರು, ಹಕ್ಕಲಾಯುವ ಹಕ್ಕು ದೇಶದ ಸಾಮಾನ್ಯ ಕಾನೂನಿನಲ್ಲಿ ಇಲ್ಲವೆಂದರು; ಗೌಲ್ಡ್ ಎಂಬೊಬ್ಬ ನ್ಯಾಯಾಧೀಶನು ಮಾತ್ರ ಉಂಟೆಂದನು. ತೀರ್ಪು ಬಂದಿತು. ಆದರೂ ಅಲ್ಲಿನ ಹಳ್ಳಿಗಳ ಬಡ ಹೆಂಗಸರು ಮುಂದಿನ ನೂರು ವರ್ಷ ಹೊಲಕ್ಕೆ ಹೋಗುತ್ತಲೇ ಇದ್ದರು. ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೊಲಕ್ಕೆ ಇಳಿಯಬೇಕೆಂಬ ಕಟ್ಟಳೆಯೂ ಅನೇಕ ಊರುಗಳಲ್ಲಿತ್ತು. ಕಾನೂನು ಕೊನೆಗಾಣಿಸಲಾರದ ಆ ಪದ್ಧತಿ ಕ್ಷೀಣಿಸಿದ್ದು ಕೊಯ್ಯುವ ಯಂತ್ರ ಬಂದ ಮೇಲೆ.

ಆ ಹೆಂಗಸಿನ ಪಕ್ಷದವರು ಆಧಾರವಾಗಿ ತೋರಿಸಿದ್ದು ಬೈಬಲನ್ನು. ಯಹೂದ್ಯರ ಧರ್ಮಶಾಸ್ತ್ರದಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಿಡಬೇಕೆಂದೂ, ಹಕ್ಕಲನ್ನು ಒಡೆಯನು ಆಯಬಾರದೆಂದೂ, ಅದು ಬಡವರಿಗೂ ಪರದೇಶಿಗಳಿಗೂ ಸಲ್ಲತಕ್ಕದ್ದೆಂದೂ ವಿಧಿಸಲಾಗಿದೆ. (ಕನ್ನಡ ಬೈಬಲಿನ ಅನುವಾದಕರು ಇಲ್ಲಿ ನಮ್ಮ ಹಕ್ಕಲೆಂಬ ಮಾತನ್ನೇ ಬಳಸಿದ್ದಾರೆ.) ಗಮನಿಸಬೇಕಾದ ಅಂಶವೆಂದರೆ, ಈ ವಿಧಿಯು ಬಡವನಿಗೆ ಏನನ್ನೂ ಕೊಡು ಎಂದು ಹೇಳುವುದಿಲ್ಲ. ಬಿಡು ಎನ್ನುತ್ತದೆ. ಕೊಡುವುದಕ್ಕೂ ಬಿಡುವುದಕ್ಕೂ ಇರುವ ಅಂತರವನ್ನು ಕುರಿತು ನಾವು ಸಾಕಷ್ಟು ಯೋಚಿಸಿಲ್ಲವೆಂದು ನನಗೆ ತೋರುತ್ತದೆ. ನಮ್ಮ ಸೀಮೆಯನ್ನೇ ನೋಡಿರಿ. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಈ ಗುತ್ತವೊಳಲನ್ನು ಆಳಿದ ಗುತ್ತರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಕರೆದುಕೊಂಡರು. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರ ದೇಗುಲದಲ್ಲಿ ಅವರ ಕಾಲದ ದಾನಶಾಸನಗಳಿವೆ. ಕೊಟ್ಟವರ ಹೆಸರನ್ನು ಕಲ್ಲು ಇಂದಿಗೂ ಹೇಳುತ್ತದೆ. ಬಿಟ್ಟವನಿಗೆ ಶಾಸನವೆಲ್ಲಿಯದು? ಅವನು ಏನು ಬಿಟ್ಟನೆಂಬುದು ಅವನಿಗೇ ಗೊತ್ತಿರುವುದಿಲ್ಲ.

ಗುತ್ತರು ಇಲ್ಲಿ ಆಳುತ್ತಿದ್ದ ಆ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಹಕ್ಕಲಿನ ಧರ್ಮವನ್ನು ಅದರ ತುತ್ತತುದಿಗೆ ಒಯ್ದ ದಂಪತಿಗಳಿದ್ದರು. ಇಂದಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮರನ್ನು ನಾವು ಆಯ್ದಕ್ಕಿಯ ಮಾರಯ್ಯ, ಆಯ್ದಕ್ಕಿಯ ಲಕ್ಕಮ್ಮ ಎಂದು ಕರೆಯುತ್ತೇವೆ. ಹೆಸರು ನಾಲಿಗೆಗೆ ರೂಢಿಯಾದುದರಿಂದ ಅದರ ಅರ್ಥವನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೇವೆ. ಬಿದ್ದ ಅಕ್ಕಿಯನ್ನು ಆಯುವುದು ಅವರ ಕಾಯಕ. ಅದರಿಂದಲೇ ಜಂಗಮ ದಾಸೋಹ. ಕಾಯಕವನ್ನು ಕುರಿತು ನಾಡಿನ ಬಾಯಲ್ಲೆಲ್ಲ ನಿಂತಿರುವ ಎರಡು ಪದಗಳ ಆ ಪ್ರಸಿದ್ಧ ಮಾತು ಬರುವುದು ಈ ಮಾರಯ್ಯನ ವಚನದಲ್ಲಿಯೇ. ಅದನ್ನು ನುಡಿದವನು ದೊಡ್ಡ ಉದ್ಯೋಗದವನಾಗಿರಲಿಲ್ಲ, ಅಂಗಳದಲ್ಲಿ ಬಿದ್ದುದನ್ನು ಆಯುತ್ತಿದ್ದವನಾಗಿದ್ದನು ಎಂಬುದನ್ನು ಆ ಮಾತನ್ನು ಫಲಕದ ಮೇಲೆ ಬರೆಸುವ ಕಛೇರಿಗಳು ನೆನೆಯುವುದು ಅಪರೂಪ.

ಪರಂಪರೆಯಲ್ಲಿ ಹೇಳುವ ಪ್ರಸಂಗವು ಓದುಗರಿಗೆ ತಿಳಿದೇ ಇದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು, ಬೇಕೆಂದೇ ಚೆಲ್ಲಿಸಿದ್ದರು. ಮಾರಯ್ಯನು ಆಯ್ದು ತಂದನು. ಮಡಲಿನ ತೂಕವನ್ನು ಕಂಡೊಡನೆ ಲಕ್ಕಮ್ಮ ತಡೆದು, ಈ ಹೆಚ್ಚಳವು ನಿನ್ನ ಮನಸ್ಸಿನದೋ ಬಸವಣ್ಣನ ಮನಸ್ಸಿನದೋ ಎಂದು ಪ್ರಶ್ನಿಸಿ, ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ನಾವು ಈ ಕಥೆಯನ್ನು ದುರಾಸೆಯ ನಿಷೇಧವೆಂದು ಮಕ್ಕಳಿಗೆ ಹೇಳಿ ಮುಗಿಸುತ್ತೇವೆ. ಅಷ್ಟೇ ಆಗಿದ್ದರೆ ಲಕ್ಕಮ್ಮ ಬಸವಣ್ಣನವರ ಮನಸ್ಸಿನ ಮಾತನ್ನೇಕೆ ಎತ್ತಬೇಕಾಗಿತ್ತು?

ಇಲ್ಲಿ ಬೈಬಲಿನದೇ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಮೋವಾಬ್ ದೇಶದ ವಿಧವೆ ರೂತಳು ತನ್ನ ಅತ್ತೆಯೊಡನೆ ಬೆತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜನು ತನ್ನ ಆಳುಗಳಿಗೆ, ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಎಳೆದು ಅವಳ ದಾರಿಯಲ್ಲಿ ಬಿಡಿರೆಂದು ಅಪ್ಪಣೆ ಮಾಡುತ್ತಾನೆ. ಸಂಜೆಗೆ ಅವಳು ಬಡಿದು ತೆಗೆದ ಜವೆಗೋಧಿ ಒಂದು ಏಫದಷ್ಟಾಯಿತು; ಹಕ್ಕಲಿಗೆ ಅದು ಬಹಳ. ಅತ್ತೆಯೂ ಪ್ರಶ್ನಿಸುತ್ತಾಳೆ: ಇಂದು ಎಲ್ಲಿ ಆಯ್ದೆ? ಬೋವಜನ ಹೆಸರು ಕೇಳಿದ ಕೂಡಲೇ ಅವನನ್ನು ಹರಸುತ್ತಾಳೆ. ಮಹಾಮನೆಯಲ್ಲಿ ನಡೆದುದೂ ಬೋವಜನ ಹೊಲದಲ್ಲಿ ನಡೆದುದೂ ಒಂದೇ ಕೃತ್ಯ. ಕರುಣೆಯುಳ್ಳ ದೊಡ್ಡವನು ದಾನವನ್ನು ಹಕ್ಕಲಿನ ವೇಷದಲ್ಲಿ ನೆಲಕ್ಕೆ ಚೆಲ್ಲುತ್ತಾನೆ. ಒಂದು ಮನೆಯಲ್ಲಿ ಅದು ಸಂತೋಷದಿಂದ ಒಳಗೆ ಹೋಯಿತು. ಇನ್ನೊಂದು ಮನೆಯ ಹೊಸ್ತಿಲಿನಿಂದ ಹಿಂದಿರುಗಿತು.

ರೂತಳ ಅತ್ತೆಯನ್ನು ನಾನು ಹಳಿಯಲಾರೆ. ಹಸಿದ ಇಬ್ಬರು ವಿಧವೆಯರು ಧಾನ್ಯವನ್ನು ತೂಗಿ ನೋಡಬೇಕೇ ಹೊರತು ಕೊಟ್ಟವನ ಮನಸ್ಸನ್ನಲ್ಲ. ಆದರೆ ಲಕ್ಕಮ್ಮ ಕಂಡುದನ್ನು ಬೋವಜನ ಕಥೆಯಲ್ಲಿ ಯಾರೂ ಕಾಣಲಿಲ್ಲ. ಹಕ್ಕಲು ಹಕ್ಕಲಾಗಿರುವುದು ಅದರ ಹಿಂದೆ ಯಾರ ಸಂಕಲ್ಪವೂ ಇಲ್ಲದಿರುವುದರಿಂದ. ಸಂಕಲ್ಪ ಸೇರಿದ ಕ್ಷಣದಲ್ಲಿ ಅದು ದಾನವಾಗುತ್ತದೆ. ಆಯುವವನು ಋಣಿಯಾಗುತ್ತಾನೆ, ಅದೂ ತನಗೆ ತಿಳಿಯದಂತೆ. ತಿಳಿದು ಪಡೆದ ಋಣವನ್ನು ತೀರಿಸಬಹುದು. ತಿಳಿಯದಂತೆ ಹೊರಿಸಿದ ಋಣದಿಂದ ಕಾಯಕವೇ ಸುಳ್ಳಾಗುತ್ತದೆ. ಮಾರಯ್ಯನು ತಾನು ಆಯ್ದೆನೆಂದು ತಿಳಿದಿದ್ದಾನೆ, ವಾಸ್ತವವಾಗಿ ಅವನಿಗೆ ಕೊಡಲಾಗಿದೆ. ಆದುದರಿಂದ ಲಕ್ಕಮ್ಮ ತಡೆದದ್ದು ಗಂಡನೊಬ್ಬನನ್ನೇ ಅಲ್ಲ. ಆ ಕಾಲದ ಮಹಾಪುರುಷನ ಔದಾರ್ಯವನ್ನು ಕೂಡ ಅವಳು ಹೊಸ್ತಿಲಿನ ಹೊರಗೆ ನಿಲ್ಲಿಸಿದಳು. ದಾಸೋಹದ ಕೀರ್ತಿಯನ್ನು ಹೇಳುವಾಗ ನಾವು ಉಣಿಸುವ ಕೈಯನ್ನು ಬಹಳ ಹೊಗಳುತ್ತೇವೆ. ಬೇಡವೆಂದ ಈ ಕೈಯೂ ದಾಸೋಹದ ಕೈಯೇ ಆಗಿತ್ತು.

ಈ ಮಾತನ್ನು ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ನನ್ನಂಥವರು ಕಿವಿಗೊಟ್ಟು ಕೇಳಬೇಕು. ಸುಗ್ಗಿಯ ಕಾಲದಲ್ಲಿ ಹಳ್ಳಿಹಳ್ಳಿಯ ಕಣಗಳಿಂದ ಚಕ್ಕಡಿಗಳಲ್ಲಿ ಬಂದು ಉಗ್ರಾಣ ಸೇರುತ್ತಿದ್ದ ಜೋಳವನ್ನು ನಾವು ಉಂಡೆವು. ಅದು ದಾನವೋ, ಪಾಲೋ, ಪ್ರಸಾದವೋ ಎಂದು ಆಗ ಕೇಳಲಿಲ್ಲ. ಹಸಿವು ಅಂತಹ ಪ್ರಶ್ನೆಗಳನ್ನು ಮುಂದೂಡುತ್ತದೆ. ಇಂದು ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತಿರುವಾಗ ಕೇಳಬಹುದು.

ಹಕ್ಕಲಿನ ಕಾಲವು ಸುವರ್ಣಯುಗವಾಗಿತ್ತೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಮುದುಕಿಯೊಬ್ಬಳು ಮುಷ್ಟಿ ಕಾಳಿಗಾಗಿ ದಿನವಿಡೀ ಮಣ್ಣು ಕೆದರಬೇಕಾದ ಊರು ಯಾವ ಹೆಮ್ಮೆಗೂ ಅರ್ಹವಲ್ಲ. 2013ರಲ್ಲಿ ಆಹಾರ ಭದ್ರತೆಯ ಕಾಯದೆ ಬಂದಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆಯೂ ಬಂದಿತು. ಅಕ್ಕಿಯು ಕಾನೂನಿನ ಹಕ್ಕಾಗಿ ಚೀಲದಲ್ಲಿ ಮನೆಗೆ ಬರುವುದು, ಹಕ್ಕಲಾಗಿ ಮಡಲಿನಲ್ಲಿ ಬರುವುದಕ್ಕಿಂತ ನಿಸ್ಸಂಶಯವಾಗಿ ಮೇಲು. ಆ ಯೋಜನೆಗೆ ಹೆಸರಿಡುವಾಗ ಭಾಗ್ಯವೆನ್ನದೆ ಭಾಗವೆಂದಿದ್ದರೆ ಲಕ್ಕಮ್ಮ ಒಪ್ಪುತ್ತಿದ್ದಳೇನೋ! ಅತ್ತ ಹೊಲದಲ್ಲಿ ಜೋಳದ ಜಾಗಕ್ಕೆ ಬಹುಮಟ್ಟಿಗೆ ಗೋವಿನಜೋಳ ಬಂದಿದೆ; ಯಂತ್ರಗಳು ಕೊಯ್ಲನ್ನೂ ರಾಶಿಯನ್ನೂ ಒಂದೇ ಓಟದಲ್ಲಿ ಮುಗಿಸುತ್ತವೆ. ಯಂತ್ರವೂ ಕೆಲವು ತೆನೆಗಳನ್ನು ಬಿಡುತ್ತದೆ. ಆದರೆ ಹಿಂದೆ ಬಿಡುತ್ತಿದ್ದವನಿಗೆ, ಬಿಟ್ಟುದರ ಕಡೆಗೆ ತಿರುಗಿ ನೋಡಬಾರದೆಂಬ ಒಂದು ಕಟ್ಟಳೆ ಮನಸ್ಸಿನಲ್ಲಿರುತ್ತಿತ್ತು. ಅದು ಇದ್ದ ಮನೆಗಳೂ ಇದ್ದವು, ಇಲ್ಲದ ಮನೆಗಳೂ ಇದ್ದವು. ನಮ್ಮ ಮನೆಯ ಸಂಗತಿಯನ್ನು ಮುಚ್ಚಿಟ್ಟು ಇಷ್ಟು ದೊಡ್ಡ ಮಾತುಗಳನ್ನಾಡುವುದು ಸರಿಯಾಗಲಾರದು.

1972ರ ಬರದ ವರ್ಷ. ಹಾವೇರಿ ಆಗ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ನಮ್ಮ ಮಸಾರಿ ಹೊಲದ ಶೇಂಗಾ ಅರ್ಧಕ್ಕರ್ಧ ಒಣಗಿ, ಕೈಗೆ ಬಂದುದು ಬಹಳ ಕಡಿಮೆ. ಬಳ್ಳಿ ಕಿತ್ತ ಮೇಲೆ ಹಕ್ಕಲನ್ನೂ ಮನೆಯವರೇ ಆರಿಸಬೇಕೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಯಾರೂ ಇಳಿಯದಂತೆ ಹನ್ನೆರಡು ವರ್ಷದ ನನ್ನನ್ನು ಹೊಲ ಕಾಯಲು ಕೂರಿಸಿದರು. ಎರಡನೆಯ ದಿನ ಒಬ್ಬ ಮುದುಕಿ ಬಂದಳು. ಕುಡುಗೋಲೋ ಕೋಲೋ ಇಲ್ಲ, ತೇದು ಸಣ್ಣದಾದ ಒಂದು ಕುರ್ಚಿಗಿ. ನಾನು ದೂರದಿಂದ ಕೂಗಿದೆ. ಅವಳಿಗೆ ಕೇಳಿಸಿತೋ ಇಲ್ಲವೋ, ಕೆದರುತ್ತಲೇ ಇದ್ದಳು. ಹತ್ತಿರ ಹೋಗಿ ಅವಳ ಸೀರೆಯ ಸೆರಗಿನಲ್ಲಿ ಕಟ್ಟಿದ್ದ ಕಾಯಿಯನ್ನು ಬಿಚ್ಚಿಸಿ ನೆಲಕ್ಕೆ ಸುರುವಿಸಿದೆ. ಎರಡು ಹಿಡಿಯಷ್ಟಿತ್ತು. ಅವಳು ಜಗಳವಾಡಲಿಲ್ಲ. “ಇವನ್ನ ಮಣ್ಣಾಗ ಬಿಟ್ಟಾಂವ ನೀನೋ ನಿಮ್ಮಪ್ಪನೋ?” ಎಂದು ಒಂದು ಮಾತು ಕೇಳಿ ಎದ್ದು ಹೋದಳು.

ಸಂಜೆ ಈ ಶೌರ್ಯವನ್ನು ಮನೆಯಲ್ಲಿ ಹೇಳಿಕೊಂಡೆ. ತಂದೆಯವರು ಏನೂ ಹೇಳಲಿಲ್ಲ. ತಾಯಿ ಒಂದು ಸೇರು ಶೇಂಗಾವನ್ನು ಅಳೆದು, ಅವಳ ಮನೆಗೆ ಕೊಟ್ಟು ಬಾ ಎಂದು ಕಳುಹಿಸಿದಳು. ಕೇರಿಯಲ್ಲಿ ಅವಳ ಗುಡಿಸಲನ್ನು ಹುಡುಕಿ ಹೋದೆ. ಅವಳು ಸೇರನ್ನು ನೋಡಿದಳು, ಮುಟ್ಟಲಿಲ್ಲ. “ಕೊಟ್ಟದ್ದು ಬ್ಯಾಡ ತಮ್ಮಾ. ಹೊಲದಾಗ ಬಿಡ್ರಿ, ಆರಿಸಿಕೋತೀನಿ” ಎಂದಳು. ಆ ಮುದುಕಿ ಲಕ್ಕಮ್ಮನ ಹೆಸರನ್ನು ಕೇಳಿದ್ದಳೋ ಇಲ್ಲವೋ.

ಸೇರನ್ನು ತಿರುಗಿ ತಂದುದನ್ನು ಕಂಡು ತಾಯಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು. ಮರುದಿನ ಬೆಳಕು ಹರಿಯುವ ಮೊದಲೇ ಅವಳು ಅದೇ ಸೇರನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಹೊಲಕ್ಕೆ ನಡೆದಳು. ನಾನು ಹಿಂದಿನಿಂದ ಹೋದೆ. ಮುದುಕಿ ಕೆದರುವುದನ್ನು ನಿಲ್ಲಿಸಿದ್ದ ಜಾಗದಿಂದ ಮುಂದಕ್ಕೆ, ಸಾಲಿನ ಉದ್ದಕ್ಕೂ ಕಾಯಿಯನ್ನು ಚೆಲ್ಲಿ ಕಾಲಿನಿಂದ ಮಣ್ಣು ಸರಿಸುತ್ತ ಹೋದಳು. ಮಹಾಮನೆಯ ಅಂಗಳದ ಕಥೆ ಆಗ ನನಗೆ ಗೊತ್ತಿರಲಿಲ್ಲ. ಆದುದರಿಂದ ತಾಯಿ ಮಾಡಿದ್ದು ಸರಿಯೋ ತಪ್ಪೋ ಎಂಬ ಸಂದೇಹವೂ ಹುಟ್ಟಲಿಲ್ಲ. ಅದು ಹುಟ್ಟಿದ್ದು ಬಹಳ ವರ್ಷಗಳ ಮೇಲೆ.

ಮುದುಕಿ ಮಧ್ಯಾಹ್ನದ ಹೊತ್ತಿಗೆ ಬಂದಳು. ಬನ್ನಿಗಿಡದ ಕೆಳಗೆ ಕುಳಿತಿದ್ದ ನನ್ನ ಕಡೆಗೆ ನೋಡದೆ ಸಾಲಿಗೆ ಇಳಿದು ಕೆದರತೊಡಗಿದಳು. ಒಂದೆಡೆ ಕುರ್ಚಿಗಿಯ ಒಂದೇ ಎಳೆತಕ್ಕೆ ಹಿಡಿ ತುಂಬುವಷ್ಟು ಕಾಯಿ ಮೇಲೆ ಬಂದಾಗ ಅವಳ ಕೈ ನಿಂತಿತು. ತಲೆಯೆತ್ತಿ ನಮ್ಮ ಮನೆಯ ದಿಕ್ಕಿಗೆ ಬಹಳ ಹೊತ್ತು ನೋಡಿದಳು. ಆಮೇಲೆ ಅದರಲ್ಲಿ ನಾಲ್ಕೈದು ಕಾಯಿಗಳನ್ನು ಸೆರಗಿಗೆ ಹಾಕಿಕೊಂಡು, ಉಳಿದವುಗಳ ಮೇಲೆ ಮಣ್ಣೆಳೆದು, ಮುಂದಕ್ಕೆ ಸರಿದಳು.